ಜನಪ್ರತಿನಿಧಿಯ ಮೇಲೆ ಕೈ ಮಾಡಿದರೆ ಪೆಟ್ಟು ಬೀಳುವುದು ಯಾರಿಗೆ?

2016ರ ಜೂನ್ 16, ಗುರುವಾರ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಬರ್ಸ್ಟಲ್ ಅನ್ನೋ ಒಂದು ಸಣ್ಣ ಊರು. ಅಲ್ಲಿನ ಲೈಬ್ರರಿಯಲ್ಲಿ ಅವತ್ತು ಮಧ್ಯಾಹ್ನ ಸಂಸದೆ ಜೋ ಕಾಕ್ಸ್ ಕ್ಷೇತ್ರದ ಜನರ ಅಹವಾಲು ಕೇಳಬೇಕಿತ್ತು. ಬ್ರಿಟನ್ನಿನ ಸಂಸದರಿಗೆ ಇದು ಮಾಮೂಲಿ ಕೆಲಸ. ಯಾರು ಬೇಕಾದರೂ ಬಂದು ಎದುರು ಕೂತು ಕಷ್ಟ ಹೇಳಿಕೊಳ್ಳಬಹುದು. ಆಗೆಲ್ಲ ಸಾಮಾನ್ಯವಾಗಿ ಬೆಂಗಾವಲು ಇರುತ್ತಿರಲಿಲ್ಲ.

ಜೋ ಕಾಕ್ಸ್ ಇಬ್ಬರು ಸಹಾಯಕಿಯರ ಜೊತೆ ಕಾರಿನಿಂದ ಇಳಿದರು. ಲೈಬ್ರರಿ ಬಾಗಿಲು ತಲುಪುವ ಮೊದಲೇ ಒಬ್ಬ ಅವರ ಮೇಲೆ ಗುಂಡು ಹಾರಿಸಿದ, ಚಾಕುವಿನಿಂದ ಇರಿದ. ನೆಲಕ್ಕೆ ಬಿದ್ದಿದ್ದರೂ ಅವರು ಸಹಾಯಕಿಯರಿಗೆ ಕೂಗಿ ಹೇಳಿದರಂತೆ: ನೀವಿಬ್ಬರೂ ದೂರ ಹೋಗಿ, ಹೊಡೆಯೋದಾದರೆ ನನಗೇ ಹೊಡೆಯಲಿ, ನಿಮಗೆ ಬೇಡ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ಅವರಲ್ಲೊಬ್ಬರು ಈ ಮಾತನ್ನು ನೆನೆದರು. ಅಲ್ಲೇ ಇದ್ದ 77 ವರ್ಷದ ಹಿರಿಯರೊಬ್ಬರು ಬಿಡಿಸಲು ಓಡಿ ಬಂದು ತಾವೂ ಇರಿತ ತಿಂದರು. ಅವರು ಬದುಕಿಕೊಂಡರು. ಜೋ ಕಾಕ್ಸ್ ಉಳಿಯಲಿಲ್ಲ. ವಯಸ್ಸು 41. ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳಿದ್ದರು.

ಇಂಥ ಸುದ್ದಿ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕೂಗು. ‘ರಾಜಕೀಯ ಹಿಂಸೆ’ ಅಂತ ಸಲೀಸಾಗಿ ಹೇಳಿಬಿಡ್ತೀವಿ. ಆ ಪದದ ಹಿಂದೆ ಇರುವುದು ಇಂಥ ಒಂದು ಬೀದಿ, ಇಂಥ ಒಂದು ಮಧ್ಯಾಹ್ನ.

ಕೆಲವರು ಕೇಳ್ತಾರೆ, ದಿನಾ ಎಷ್ಟೋ ಕೊಲೆ ಆಗುತ್ತೆ, ರಾಜಕಾರಣಿಯ ಜೀವ ಏನು ಜಾಸ್ತಿ ಬೆಲೆಯದಾ ಅಂತ. ಇಲ್ಲ. ಯಾರ ಜೀವವೂ ಜಾಸ್ತಿ ಅಲ್ಲ, ಕಮ್ಮಿ ಅಲ್ಲ. ಆದರೆ ಆರಿಸಿ ಬಂದವರನ್ನು ಕೊಂದಾಗ ಕೊಲೆಯ ಜೊತೆಗೆ ಇನ್ನೊಂದು ಕಳ್ಳತನವೂ ನಡೆದಿರುತ್ತದೆ. ಸಾವಿರಾರು ಜನ ಸಾಲಿನಲ್ಲಿ ನಿಂತು ಹಾಕಿದ ಮತವನ್ನು ಒಬ್ಬ ಕಿತ್ತುಕೊಂಡಿರುತ್ತಾನೆ. ‘ನೀವೆಲ್ಲ ಸೇರಿ ಆರಿಸಿದ್ದು ನನಗೆ ಲೆಕ್ಕಕ್ಕಿಲ್ಲ, ನನ್ನ ಒಬ್ಬನ ಸಿಟ್ಟು ನಿಮ್ಮೆಲ್ಲರಿಗಿಂತ ದೊಡ್ಡದು’ ಅನ್ನುವುದು ಅವನ ಮಾತು.

ಕಿತ್ತುಕೊಂಡದ್ದು ಗೆದ್ದವರ ಮತವನ್ನು ಮಾತ್ರ ಅಲ್ಲ, ಇದು ಬಹಳ ಜನರಿಗೆ ತಟ್ಟನೆ ಹೊಳೆಯುವುದಿಲ್ಲ. ಚುನಾವಣೆ ಅಂದರೆ ಒಂದು ಒಪ್ಪಂದ. ಸೋತವರು ‘ಆಯ್ತು, ಈ ಸಲ ಹೋಯ್ತು, ಮುಂದಿನ ಸಲ ನೋಡ್ಕೊಳ್ತೀವಿ’ ಎಂದು ಮನೆಗೆ ಹೋಗುತ್ತಾರೆ. ಗೆದ್ದವರು ಅವರನ್ನು ಸುಮ್ನೆ ಮನೆಗೆ ಹೋಗಲು ಬಿಡುತ್ತಾರೆ, ಬೆನ್ನು ಹತ್ತುವುದಿಲ್ಲ. ಸೋತವನು ಜೀವಂತ ಮನೆಗೆ ಹೋಗಬಹುದು ಅನ್ನುವುದು ಮನುಷ್ಯರ ಚರಿತ್ರೆಯಲ್ಲಿ ತೀರ ಹೊಸ ವಿಷಯ. ಅದಕ್ಕೆ ಮುಂಚೆ ಅಧಿಕಾರ ಬದಲಾಗಬೇಕಾದರೆ ಸಾಮಾನ್ಯವಾಗಿ ಯಾರಾದರೂ ಸಾಯಬೇಕಿತ್ತು. ಬಂದೂಕು ಹಿಡಿದವನು ಈ ಒಪ್ಪಂದವನ್ನೇ ಹರಿದು ಹಾಕುತ್ತಾನೆ. ಸತ್ತ ನಾಯಕರಿಗೆ ಮತ ಹಾಕದೇ ಇದ್ದವರಿಗೂ ಪೆಟ್ಟು ಬೀಳುವುದು ಹೀಗೆ. ಅವರ ‘ಮುಂದಿನ ಸಲ’ಕ್ಕೂ ಆಗ ಬೆಲೆ ಇರುವುದಿಲ್ಲ.

ಜರ್ಮನಿಯ ಕೊಲೋನ್ ನಗರದಲ್ಲಿ ಈ ಮತ ಮತ್ತು ಚಾಕು ನೇರಾನೇರ ಎದುರಾದವು. 2015ರ ಅಕ್ಟೋಬರ್ 17, ಶನಿವಾರ. ಮರುದಿನ ಮೇಯರ್ ಚುನಾವಣೆ. ಅಭ್ಯರ್ಥಿ ಹೆನ್ರಿಯೆಟ್ ರೇಕರ್ ಪೇಟೆಯಲ್ಲಿ ಗುಲಾಬಿ ಹಂಚುತ್ತಾ ಕಡೆಯ ಸುತ್ತಿನ ಪ್ರಚಾರ ಮಾಡುತ್ತಿದ್ದರು. ಒಬ್ಬ ಹತ್ತಿರ ಬಂದು ದೊಡ್ಡ ಚಾಕುವಿನಿಂದ ಅವರ ಕುತ್ತಿಗೆಗೆ ಇರಿದ. ವಲಸೆ ಬಂದವರಿಗೆ ಆಶ್ರಯ ಕೊಡುವ ಕೆಲಸವನ್ನು ಅವರು ನೋಡಿಕೊಳ್ಳುತ್ತಿದ್ದರು, ಅವನಿಗೆ ಅದೇ ಸಿಟ್ಟು. ಭಾನುವಾರ ಮತ ಎಣಿಸುವಾಗ ರೇಕರ್ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಬಂದ ಮತ ಶೇಕಡಾ 52ಕ್ಕೂ ಜಾಸ್ತಿ. ಕೊಲೋನ್ ನಗರಕ್ಕೆ ಮೊದಲ ಮಹಿಳಾ ಮೇಯರ್ ಸಿಕ್ಕಿದ್ದು ಹಾಗೆ. ಗುಣವಾಗಿ ಬಂದು ಕುರ್ಚಿಯಲ್ಲಿ ಕೂತರು, 2020ರಲ್ಲಿ ಮತ್ತೆ ಗೆದ್ದರು.

ಹಾಗಾದರೆ ಹಿಂಸೆಯಿಂದ ಏನೂ ಸಾಧಿಸೋಕಾಗಲ್ಲ ಅಂತ ನೆಮ್ಮದಿಯಾಗಿ ಇರಬಹುದಾ? ಪೂರ್ತಿ ಹಾಗೆ ಹೇಳಲಾಗದು. ಅರ್ಥಶಾಸ್ತ್ರಜ್ಞರಿಬ್ಬರು 1875ರಿಂದ 2004ರ ತನಕ ಬೇರೆ ಬೇರೆ ದೇಶಗಳ ಮುಖ್ಯ ನಾಯಕರನ್ನು ಕೊಲ್ಲಲು ನಡೆದ 298 ಗಂಭೀರ ಪ್ರಯತ್ನಗಳನ್ನು ಲೆಕ್ಕ ಹಾಕಿದರು. ನಾಯಕರು ಸತ್ತದ್ದು 59 ಸಲ. ಪ್ರಜಾಪ್ರಭುತ್ವ ಇರುವ ಕಡೆ ನಾಯಕರ ಕೊಲೆಯಿಂದ ದೇಶದ ವ್ಯವಸ್ಥೆ ಬುಡಮೇಲಾಗಲಿಲ್ಲ ಅನ್ನುವುದು ಅವರು ಕಂಡುಕೊಂಡ ಒಂದು ಅಂಶ. ಗಟ್ಟಿ ಗೋಡೆ ಒಂದು ಏಟಿಗೆ ಬೀಳುವುದಿಲ್ಲ. ಆದರೆ ಏಟಿನ ಮೇಲೆ ಏಟು ಬೀಳುತ್ತಿದ್ದು, ಕಾಯಬೇಕಾದವರೇ ಕಣ್ಣು ಮುಚ್ಚಿ ಕೂತರೆ ಆಗುವುದೇ ಬೇರೆ.

ಅದು ಹೇಗಿರುತ್ತೆ ಅಂತ ನೋಡಬೇಕಾದರೆ ನೂರು ವರ್ಷ ಹಿಂದಿನ ಜರ್ಮನಿಗೇ ಹೋಗಬೇಕು. ಮಥಿಯಾಸ್ ಎರ್ಜ್‌ಬರ್ಗರ್ ಅಲ್ಲಿನ ಸಂಸದ, ಹಣಕಾಸು ಮಂತ್ರಿಯೂ ಆಗಿದ್ದವರು. ಮೊದಲ ಮಹಾಯುದ್ಧ ನಿಲ್ಲಿಸುವ 1918ರ ಕದನ ವಿರಾಮಕ್ಕೆ ಸಹಿ ಹಾಕಿದ್ದೇ ಅವರ ತಪ್ಪಾಯಿತು. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಅವರನ್ನು ದೇಶದ್ರೋಹಿ ಎಂದು ಕರೆದದ್ದು ಒಂದೆರಡು ಸಲ ಅಲ್ಲ, ವರ್ಷಗಟ್ಟಲೆ. 1920ರ ಜನವರಿಯಲ್ಲಿ ಅವರು ಕೋರ್ಟಿನಿಂದ ಹೊರಗೆ ಬರುವಾಗ ಒಬ್ಬ ಯುವಕ ಗುಂಡು ಹಾರಿಸಿದ. ಅವರು ಬದುಕಿಕೊಂಡರು. ಯುವಕನಿಗೆ ಸಿಕ್ಕ ಶಿಕ್ಷೆ ಒಂದೂವರೆ ವರ್ಷ. ಸಂಸದನ ಮೇಲೆ ಗುಂಡು ಹಾರಿಸಿದ್ದಕ್ಕೆ ಒಂದೂವರೆ ವರ್ಷ! ಮರುವರ್ಷ, 1921ರ ಆಗಸ್ಟ್ 26ರಂದು, ಕಾಡಿನ ದಾರಿಯಲ್ಲಿ ವಾಕಿಂಗ್ ಹೋಗಿದ್ದ ಎರ್ಜ್‌ಬರ್ಗರ್ ಅವರನ್ನು ಇಬ್ಬರು ಗುಂಡಿಟ್ಟು ಕೊಂದರು, ದೇಶ ಬಿಟ್ಟು ಓಡಿದರು. ಹತ್ತು ತಿಂಗಳಲ್ಲಿ ವಿದೇಶಾಂಗ ಮಂತ್ರಿ ವಾಲ್ಟರ್ ರಾಥೆನೌ ಬರ್ಲಿನ್ನಿನ ರಸ್ತೆಯಲ್ಲಿ ತೆರೆದ ಕಾರಿನಲ್ಲೇ ಹತರಾದರು. ಎರಡರ ಹಿಂದೆಯೂ ಇದ್ದದ್ದು ಒಂದೇ ಗುಪ್ತ ಸಂಘಟನೆ.

ಆ ಕಾಲದಲ್ಲಿ ಎಮಿಲ್ ಗುಂಬೆಲ್ ಎಂಬ ಗಣಿತಜ್ಞ ಕೂತು ಇಂಥ ಕೊಲೆಗಳ ಪಟ್ಟಿ ಮಾಡಿದರು. ನಾಲ್ಕು ವರ್ಷದಲ್ಲಿ ಬಲಪಂಥೀಯರು ಮಾಡಿದ ಕೊಲೆ 354, ಎಡಪಂಥೀಯರು ಮಾಡಿದ್ದು 22. ಆ 22ರಲ್ಲಿ ಬಹುಪಾಲಿಗೆ ಕೋರ್ಟುಗಳು ಕಠಿಣ ಶಿಕ್ಷೆ ಕೊಟ್ಟಿದ್ದವು. 354ರಲ್ಲಿ ಬಹುಪಾಲು ಶಿಕ್ಷೆಯೇ ಇಲ್ಲದೆ ಮುಚ್ಚಿ ಹೋಗಿದ್ದವು. ನಮ್ಮ ಕಡೆಯವನಾದರೆ ‘ಪಾಪ, ದೇಶಪ್ರೇಮಿ ಹುಡುಗ’, ಅವರ ಕಡೆಯವನಾದರೆ ಕೊಲೆಗಾರ. ನ್ಯಾಯದ ತಕ್ಕಡಿಯೇ ಹೀಗೆ ವಾಲಿದಾಗ ಜನರಿಗೆ ಸಿಗುವ ಸಂದೇಶ ಒಂದೇ, ಇದು ನಡೆಯುತ್ತೆ ಅಂತ. 1933ರ ಹೊತ್ತಿಗೆ ಆ ಗಣರಾಜ್ಯವೇ ಮುಗಿದಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಈ ಕೊಲೆಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಕೊಲೆಯನ್ನು ರಾಜಕೀಯದ ಒಂದು ದಾರಿ ಅಂತ ಜನ ಒಪ್ಪಿಕೊಳ್ಳುವ ಅಭ್ಯಾಸ ಆಗಲೇ ಆಗಿಹೋಗಿತ್ತು.

ಕೊಲೆಯಾದರೆ ಸುದ್ದಿಯಾಗುತ್ತದೆ. ಸುದ್ದಿಯಾಗದೇ ಉಳಿಯುವುದು ಬೆದರಿಕೆ. ಹಾನಿ ಜಾಸ್ತಿ ಆಗುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಅಮೆರಿಕದ ಸಂಸತ್ ಭವನದ ಪೊಲೀಸರು 2017ರಲ್ಲಿ ಪರಿಶೀಲಿಸಿದ ಬೆದರಿಕೆ ಪ್ರಕರಣಗಳು 3,939. 2024ರಲ್ಲಿ 9,474. ಅಂತರ ಸಂಸದೀಯ ಒಕ್ಕೂಟ 2016ರಲ್ಲಿ 39 ದೇಶಗಳ 55 ಸಂಸದೆಯರನ್ನು ಮಾತಾಡಿಸಿತ್ತು. ಅವರಲ್ಲಿ ಶೇಕಡಾ 44ರಷ್ಟು ಮಂದಿಗೆ ಕೊಲೆ, ಅತ್ಯಾಚಾರ, ಹೊಡೆತ ಇಲ್ಲವೇ ಅಪಹರಣದ ಬೆದರಿಕೆ ಬಂದಿತ್ತು. ಕೆಲವು ಬೆದರಿಕೆ ‘ನಿಮ್ಮ ಮಕ್ಕಳನ್ನು ಬಿಡುವುದಿಲ್ಲ’ ಅಂತ ಬರುತ್ತವೆ.

ದೇಶದ ದೊಡ್ಡ ನಾಯಕರಿಗೆ ಕಾವಲು ಇರುತ್ತದೆ. ಸಣ್ಣ ಊರಿನ ಸದಸ್ಯರಿಗೆ ಏನಿರುತ್ತದೆ? ಅವರ ಮನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. 2012ರಲ್ಲಿ ಕಾಶ್ಮೀರದಲ್ಲಿ ಉಗ್ರರು ಪಂಚಾಯಿತಿ ಸದಸ್ಯರನ್ನು, ಸರಪಂಚರನ್ನು ಕೊಲ್ಲತೊಡಗಿದಾಗ ಹಲವರು ದಿನಪತ್ರಿಕೆಗಳಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದರು. ನಾನು ರಾಜೀನಾಮೆ ಕೊಟ್ಟಿದ್ದೇನೆ, ಇನ್ನು ನನಗೂ ಪಂಚಾಯಿತಿಗೂ ಸಂಬಂಧವಿಲ್ಲ ಎಂದು. ಹಿಂದಿನ ವರ್ಷವಷ್ಟೇ ಜನ ಮತ ಹಾಕಿ ಆರಿಸಿದ್ದವರು ಅವರು. ಆ ಜಾಹೀರಾತಿನ ಒಂದೊಂದು ಸಾಲೂ ಒಂದೊಂದು ಊರಿನ ಸೋಲು. ಮೆಕ್ಸಿಕೋದಲ್ಲಿ 2024ರ ಚುನಾವಣೆ ಹೊತ್ತಿಗೆ 30ಕ್ಕೂ ಹೆಚ್ಚು ಅಭ್ಯರ್ಥಿಗಳು ಮತ್ತು ಟಿಕೆಟ್ ಆಕಾಂಕ್ಷಿಗಳು ಕೊಲೆಯಾದರು, ಬಹುತೇಕರು ಸ್ಥಳೀಯ ಮಟ್ಟದವರೇ. ಹೀಗಾದಾಗ ಚುನಾವಣೆಗೆ ನಿಲ್ಲಬೇಕು ಅಂದುಕೊಂಡವರ ಮನೆಯಲ್ಲಿ ಒಂದೇ ಮಾತು: ‘ಇದೆಲ್ಲ ನಮಗ್ಯಾಕೆ ಬೇಕು, ಸುಮ್ನಿರು’. ಒಳ್ಳೆಯವರು ಹಿಂದೆ ಸರಿಯುತ್ತಾರೆ. ಉಳಿಯುವವರು ಯಾರು? ತಾವೇ ಗೂಂಡಾಗಳನ್ನು ಸಾಕಿಕೊಂಡವರು.

ಈಗ ಖಂಡನೆಯ ವಿಷಯಕ್ಕೆ ಬರ್ತೀನಿ. ಹಲ್ಲೆ ನಡೆದ ಅರ್ಧ ಗಂಟೆಯಲ್ಲಿ ಎಲ್ಲ ಪಕ್ಷದವರ ಹೇಳಿಕೆ ಬರುತ್ತದೆ. ಅದನ್ನು ಓದುವಾಗ ನಾನು ಹುಡುಕುವುದು ಒಂದೇ ಪದ: ‘ಆದರೆ’. ‘ಹಿಂಸೆ ತಪ್ಪು, ಆದರೆ ಅವರು ಆಡಿದ ಮಾತನ್ನೂ ನೋಡಬೇಕಲ್ವಾ?’ ‘ಖಂಡಿಸ್ತೀವಿ, ಆದರೆ ನಮ್ಮವರ ಮೇಲೆ ಬಿದ್ದಾಗ ಇವರೆಲ್ಲ ಎಲ್ಲಿದ್ರು?’ ಆ ಪದ ಬಂದ ಕೂಡಲೇ ಮುಂಚಿನ ಮಾತೆಲ್ಲ ಅಳಿಸಿಹೋಗುತ್ತದೆ. ಸತ್ತವರು ಏನು ಮಾತಾಡಿದ್ದರು ಎಂದು ಚರ್ಚೆ ಮಾಡಬಾರದು ಅಂತಲ್ಲ. ಅವರ ನೀತಿ ತಪ್ಪಾಗಿದ್ದರೆ ನಾಳೆಯೂ ತಪ್ಪೇ, ನಾಳೆ ಹೇಳಬಹುದು. ಹೆಣದ ಮುಂದೆ ನಿಂತು ಲೆಕ್ಕ ಒಪ್ಪಿಸಿದರೆ ಕೊಂದವನ ಪರ ಅರ್ಧ ವಕಾಲತ್ತು ಮಾಡಿದ ಹಾಗೆ. ಅವನಂಥ ಇನ್ನೊಬ್ಬ ಎಲ್ಲೋ ಕೂತು ಅದನ್ನು ಓದುತ್ತಿರುತ್ತಾನೆ.

ಯಾರು ಹೇಳ್ತಾರೆ ಅನ್ನುವುದೂ ಮುಖ್ಯ. ಪೆಟ್ಟು ತಿಂದವರ ಪಕ್ಷದವರು ಖಂಡಿಸುವುದು ಸಹಜ, ಅದರಿಂದ ಏನೂ ಬದಲಾಗುವುದಿಲ್ಲ. ಎದುರು ಪಕ್ಷದವರು ಎದ್ದು ನಿಂತು ಹೇಳಿದಾಗ ಕೊಂದವನಿಗೆ ಇದ್ದ ಆಸರೆ ತಪ್ಪುತ್ತದೆ. ಅವನು ತನ್ನನ್ನು ಯಾರದೋ ಪರವಾಗಿ ಹೋರಾಡುವ ವೀರ ಎಂದು ತಿಳಿದಿರುತ್ತಾನೆ. ಆ ‘ಯಾರೋ’ ಬಾಯಿ ಬಿಟ್ಟು, ನೀನು ನಮ್ಮವನಲ್ಲ ಅನ್ನಬೇಕು.

ಇದರ ಹಿಂದೆ ಒಂದು ಸಂಶೋಧನೆಯೂ ಇದೆ. 2022ರಲ್ಲಿ ಪ್ರಕಟವಾದದ್ದು, ಅಮೆರಿಕದಲ್ಲಿ ನಡೆದದ್ದು. ಎದುರು ಪಕ್ಷದ ಬೆಂಬಲಿಗರು ಹಿಂಸೆಯನ್ನು ಎಷ್ಟು ಒಪ್ಪುತ್ತಾರೆ ಎಂದು ಊಹಿಸಿ ಅಂತ ಎರಡೂ ಪಕ್ಷದ ಬೆಂಬಲಿಗರನ್ನು ಕೇಳಿದರು. ಊಹೆ ನಿಜಕ್ಕಿಂತ ಹಲವು ಪಟ್ಟು ಜಾಸ್ತಿ ಇತ್ತು. ಅಂದರೆ ಪ್ರತಿಯೊಬ್ಬರೂ ‘ಅವರು ನಮ್ಮನ್ನು ಮುಗಿಸೋಕೆ ಕಾಯ್ತಿದ್ದಾರೆ’ ಅಂದುಕೊಂಡಿದ್ದರು. ಆಮೇಲೆ ನಿಜವಾದ ಲೆಕ್ಕ ತೋರಿಸಿದರು. ನೋಡಿದವರಲ್ಲಿ ಹಿಂಸೆಯ ಕಡೆಗಿನ ಒಲವು ಇಳಿಯಿತು, ಸುಮಾರು ಒಂದು ತಿಂಗಳಾದ ಮೇಲೂ ಇಳಿದೇ ಇತ್ತು. ಹಗ್ಗವನ್ನು ಹಾವು ಅಂದುಕೊಂಡು ದೊಣ್ಣೆ ಎತ್ತಿದ ಕಥೆ ಇದು. ಎದುರಿನವರು ದೊಣ್ಣೆ ಹಿಡಿದಿಲ್ಲ ಎಂದು ತಿಳಿಸುವುದೇ ಅರ್ಧ ಮದ್ದು. ಅದನ್ನು ತಿಳಿಸಬೇಕಾದವರು ಆ ಎದುರಿನವರೇ.

ಅದೇ ಅಮೆರಿಕದಲ್ಲಿ 2017ರ ಜೂನ್ 14ರಂದು ರಿಪಬ್ಲಿಕನ್ ಸಂಸದರು ಬೆಳಗ್ಗೆ ಬೇಸ್‌ಬಾಲ್ ಅಭ್ಯಾಸ ಮಾಡುತ್ತಿದ್ದರು. ಮರುದಿನ ಡೆಮಾಕ್ರಟಿಕ್ ಸಂಸದರ ಜೊತೆ ಪ್ರತಿ ವರ್ಷದ ಪಂದ್ಯ. ಒಬ್ಬ ಬಂದೂಕು ತಂದು ಅವರ ಮೇಲೆ ಗುಂಡಿನ ಮಳೆಗರೆದ. ಅವರಲ್ಲೊಬ್ಬರಾದ ಸಂಸದ ಸ್ಟೀವ್ ಸ್ಕಲೀಸ್ ಸೊಂಟಕ್ಕೆ ಗುಂಡು ತಗುಲಿ ಸಾವು ಬದುಕಿನ ನಡುವೆ ಇದ್ದರು. ಪಂದ್ಯ ರದ್ದಾಗಲಿಲ್ಲ. ಮರುದಿನ ಸುಮಾರು 25 ಸಾವಿರ ಜನ ಬಂದರು. ಆಟಕ್ಕೆ ಮೊದಲು ಎರಡೂ ತಂಡದವರು ಒಟ್ಟಿಗೆ ಮೊಣಕಾಲೂರಿ ಪ್ರಾರ್ಥಿಸಿದರು. ಡೆಮಾಕ್ರಟಿಕ್ ತಂಡ ಗೆದ್ದು, ಟ್ರೋಫಿಯನ್ನು ಸ್ಕಲೀಸ್ ಅವರ ಆಫೀಸಿನಲ್ಲಿ ಇಡಿ ಎಂದು ಎದುರು ತಂಡದ ಕೈಗೆ ಕೊಟ್ಟಿತು. ಇದರಿಂದ ಅಮೆರಿಕದ ರಾಜಕೀಯ ಹಿಂಸೆ ನಿಂತಿತಾ? ಇಲ್ಲ. ಎಂಟು ವರ್ಷದ ನಂತರ ಅದೇ ಜೂನ್ 14ರಂದು ಮಿನೆಸೋಟ ರಾಜ್ಯದ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಗಂಡ ತಮ್ಮ ಮನೆಯಲ್ಲೇ ಕೊಲೆಯಾದರು. ಬಾಗಿಲು ತಟ್ಟಿದವನು ಪೊಲೀಸ್ ವೇಷದಲ್ಲಿದ್ದ. ಒಂದು ದಿನದ ಪ್ರಾರ್ಥನೆ ಸಾಲದು. ಆದರೆ ಆ ಟ್ರೋಫಿ ಕೈ ಬದಲಾದದ್ದನ್ನು ಆವತ್ತು 25 ಸಾವಿರ ಜನ ಕಣ್ಣಾರೆ ನೋಡಿದರು. ಅದನ್ನು ಸುಮ್ನೆ ನಾಟಕ ಅನ್ನಲು ನನಗೆ ಮನಸ್ಸಾಗುವುದಿಲ್ಲ.

ಒಗ್ಗಟ್ಟಿನ ಹೆಸರಿನಲ್ಲಿ ನಡೆಯುವ ಎರಡು ತಪ್ಪುಗಳ ಬಗ್ಗೆ ಎಚ್ಚರ ಬೇಕು.

ಮೊದಲನೆಯದು, ಕೊಂದವನನ್ನು ಬಿಟ್ಟು ಅವನ ಜಾತಿ, ಧರ್ಮ, ಊರಿನವರ ಮೇಲೆ ಬೀಳುವುದು. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದವರು ಇಬ್ಬರು ಅಂಗರಕ್ಷಕರು. ಮುಂದಿನ ಮೂರ್ನಾಲ್ಕು ದಿನದಲ್ಲಿ ದೆಹಲಿಯೊಂದರಲ್ಲೇ, ಸರ್ಕಾರದ್ದೇ ಲೆಕ್ಕದಲ್ಲಿ, 2,733 ಸಿಖ್ಖರು ಕೊಲೆಯಾದರು. ಅವರಲ್ಲಿ ಒಬ್ಬರಾದರೂ ಆ ಅಂಗಳದಲ್ಲಿ ಇರಲಿಲ್ಲ. ದುಃಖವನ್ನು ದ್ವೇಷಕ್ಕೆ ತಿರುಗಿಸುವವರು ಯಾವಾಗಲೂ ಇರುತ್ತಾರೆ. ಬೆಂಕಿಗೆ ತುಪ್ಪ ಸುರಿಯಲು ಈಗ ಫೋನ್ ಒಂದಿದ್ದರೆ ಸಾಕು. ಹಲ್ಲೆಯಾದ ಮೊದಲ ಗಂಟೆಗಳಲ್ಲಿ ಕೊಂದವನ ಹೆಸರು, ಧರ್ಮ, ಪಕ್ಷ ಅಂತ ಬರುವ ಸುದ್ದಿಯಲ್ಲಿ ಸುಳ್ಳು ಬೆರೆತಿರುವುದೇ ಜಾಸ್ತಿ. ಗೊತ್ತಾಗುವ ತನಕ ಮುಂದಕ್ಕೆ ಕಳಿಸದೆ ಇದ್ದರೆ ಅದೂ ಒಂದು ಕೆಲಸವೇ. ರಕ್ತದ ವಿಡಿಯೋ ಅಂತೂ ಬೇಡವೇ ಬೇಡ. ಆ ಮನೆಯ ಮಕ್ಕಳ ಕೈಯಲ್ಲೂ ಫೋನ್ ಇರುತ್ತದೆ.

ಇನ್ನೊಂದು, ಟೀಕೆಯನ್ನೇ ಹಿಂಸೆ ಎಂದು ಕರೆಯುವುದು. ಧಿಕ್ಕಾರ ಕೂಗುವುದು, ಕಪ್ಪು ಬಾವುಟ ತೋರಿಸುವುದು, ಧರಣಿ ಕೂರುವುದು, ವ್ಯಂಗ್ಯಚಿತ್ರ ಬರೆಯುವುದು, ಖಾರವಾಗಿ ಪ್ರಶ್ನೆ ಕೇಳುವುದು, ಇವು ಯಾವುವೂ ಹಿಂಸೆಯಲ್ಲ. ನಾಯಕರಿಗೆ ಇರಿಸುಮುರಿಸು ಆಗಬಹುದು, ಆಗಲಿ. ಹಲ್ಲೆಯೊಂದನ್ನು ನೆಪ ಮಾಡಿಕೊಂಡು ಬಾಯಿ ಮುಚ್ಚಿಸಲು ಹೊರಡುವ ಸರ್ಕಾರವೂ ಮತದಾರನ ಹಕ್ಕನ್ನೇ ಕಿತ್ತುಕೊಳ್ಳುತ್ತದೆ, ದಾರಿ ಬೇರೆ ಅಷ್ಟೆ. ಗೆರೆ ಇರುವುದು ಬೇರೆ ಕಡೆ. ‘ಇವರನ್ನು ಸೋಲಿಸಿ’ ಅನ್ನುವುದು ರಾಜಕೀಯ. ‘ಇವರು ಬದುಕಿರಬಾರದು’ ಅನ್ನುವುದು ರಾಜಕೀಯವಲ್ಲ. ಕಚೇರಿ ಮುಂದೆ ಧರಣಿ ಕೂತರೆ ಪ್ರತಿಭಟನೆ, ಮನೆ ವಿಳಾಸ ಮತ್ತು ಮಕ್ಕಳ ಶಾಲೆಯ ಹೆಸರು ಹಂಚಿದರೆ ಬೇಟೆ. ಎದುರಾಳಿಯನ್ನು ಹುಳ, ಕಳೆ, ರೋಗ ಎಂದು ಕರೆಯುತ್ತಾ ಹೋದರೆ ಅದನ್ನು ಕೇಳಿದ ಸಾವಿರ ಜನರಲ್ಲಿ 999 ಮಂದಿ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಉಳಿದ ಒಬ್ಬ ಅದನ್ನು ಕೆಲಸದ ಆದೇಶ ಎಂದು ತಿಳಿಯುತ್ತಾನೆ.

ಹಾಗಾಗಿ ಒಗ್ಗಟ್ಟು ಅಂದರೆ ಎಲ್ಲರೂ ಒಂದೇ ಮಾತಾಡುವುದು ಅಲ್ಲ. ಜಗಳ ಇರಲಿ, ಜೋರಾಗಿಯೇ ಇರಲಿ. ಅದು ಸದನದಲ್ಲಿ, ಕೋರ್ಟಿನಲ್ಲಿ, ಮತಪೆಟ್ಟಿಗೆಯಲ್ಲಿ ತೀರ್ಮಾನವಾಗಲಿ ಅನ್ನುವ ಒಂದೇ ಒಂದು ವಿಷಯಕ್ಕೆ ಎಲ್ಲರೂ ಒಪ್ಪಿದರೆ ಸಾಕು.

ಜೋ ಕಾಕ್ಸ್ ಅವರ ಕ್ಷೇತ್ರದ ಮುಂದಿನ ಕಥೆಯಲ್ಲಿ ಇದು ಕಾಣುತ್ತದೆ. ಕೊಲೆಯಾದದ್ದು ಯುರೋಪ್ ಒಕ್ಕೂಟ ಬಿಡಬೇಕೇ ಬೇಡವೇ ಎಂಬ ಜನಮತಗಣನೆಗೆ ಒಂದೇ ವಾರ ಇರುವಾಗ. ಎರಡೂ ಕಡೆಯವರು ಪ್ರಚಾರ ನಿಲ್ಲಿಸಿದರು. ಸಂಸತ್ತು ಸೇರಿದಾಗ ಅವರು ಕೂರುತ್ತಿದ್ದ ಜಾಗದಲ್ಲಿ ಒಂದು ಕೆಂಪು, ಒಂದು ಬಿಳಿ ಗುಲಾಬಿ ಇಟ್ಟಿದ್ದರು. ಅಕ್ಟೋಬರ್‌ನಲ್ಲಿ ಬ್ಯಾಟ್ಲಿ ಅಂಡ್ ಸ್ಪೆನ್ ಕ್ಷೇತ್ರಕ್ಕೆ ಉಪಚುನಾವಣೆ ಬಂದಾಗ ಬೇರೆ ದೊಡ್ಡ ಪಕ್ಷಗಳು ಅಭ್ಯರ್ಥಿಯನ್ನೇ ಹಾಕಲಿಲ್ಲ. ಕೊಲೆಯಿಂದ ಯಾವ ಪಕ್ಷಕ್ಕೂ ಒಂದು ಸೀಟು ಲಾಭ ಆಗಬಾರದು ಎಂಬ ಯೋಚನೆ. ಜನರಿಗೆ ಆರಿಸಲು ಅವಕಾಶವೇ ಕಮ್ಮಿಯಾಯಿತಲ್ಲ ಎಂದು ಕೇಳಿದವರೂ ಇದ್ದರು. ಅವರ ಪ್ರಶ್ನೆ ಸರಿಯಾದದ್ದೇ. ನನ್ನ ಮಟ್ಟಿಗೆ ಒಂದು ಸಲಕ್ಕೆ ಅದು ಒಳ್ಳೆಯ ನಡೆ, ರೂಢಿ ಆಗಬಾರದು. 2021ರ ಅಕ್ಟೋಬರ್‌ನಲ್ಲಿ ಇನ್ನೊಬ್ಬ ಸಂಸದ ಡೇವಿಡ್ ಅಮೆಸ್ ಅವರನ್ನೂ ಹೀಗೇ ಅಹವಾಲು ಕೇಳುವಾಗ ಚರ್ಚ್ ಒಂದರಲ್ಲಿ ಇರಿದು ಕೊಂದರು. ಅವರ ಪಕ್ಷ ಬೇರೆ. ಆ ಕ್ಷೇತ್ರದಲ್ಲೂ ದೊಡ್ಡ ಪಕ್ಷಗಳು ಹಾಗೇ ಹಿಂದೆ ಸರಿದವು.

ಬ್ಯಾಟ್ಲಿ ಅಂಡ್ ಸ್ಪೆನ್‌ನಲ್ಲಿ 2021ರ ಜುಲೈ 1ರಂದು ಮತ್ತೊಂದು ಉಪಚುನಾವಣೆ ನಡೆಯಿತು. ಈ ಸಲ ಯಾರೂ ಹಿಂದೆ ಸರಿಯಲಿಲ್ಲ. ಕಣದಲ್ಲಿ 16 ಮಂದಿ. ಜೋ ಕಾಕ್ಸ್ ಅವರ ತಂಗಿ ಕಿಮ್ ಲೆಡ್‌ಬೀಟರ್ ಕೂಡ ಅವರಲ್ಲೊಬ್ಬರು. ಅಕ್ಕನನ್ನು ಕೊಂದ ಬೀದಿ ಇರುವ ಕ್ಷೇತ್ರದಲ್ಲೇ ಮನೆ ಮನೆ ಬಾಗಿಲು ತಟ್ಟಿದರು. ಪ್ರಚಾರದಲ್ಲಿ ಅವರ ಪಕ್ಷದ ಕಾರ್ಯಕರ್ತರ ಮೇಲೆ ಮೊಟ್ಟೆ ಎಸೆದರು, ಕೆಳಗೆ ಬಿದ್ದವನ ತಲೆಗೆ ಒದ್ದರು. ಆದರೂ ಮನೆ ಬಾಗಿಲಿನ ಪ್ರಚಾರ ನಿಲ್ಲಲಿಲ್ಲ. ಎಣಿಕೆ ಮುಗಿದಾಗ ಲೆಡ್‌ಬೀಟರ್ 323 ಮತಗಳಿಂದ ಗೆದ್ದಿದ್ದರು. ಮೂರನೇ ಸ್ಥಾನಕ್ಕೆ ಬಂದ ಅಭ್ಯರ್ಥಿಗೆ ಈ ಫಲಿತಾಂಶ ಒಪ್ಪಿಗೆಯಾಗಲಿಲ್ಲ. ಇದನ್ನು ಕೋರ್ಟಿನಲ್ಲಿ ಪ್ರಶ್ನಿಸ್ತೀನಿ ಎಂದರು.